ಅಡ್ಡಬೆಳಕು

ಜೋಗೇಶ್ವರಿಯಲ್ಲಿ ಲೋಕಲ್ ರೈಲು ಹತ್ತಿದಾಗಿನಿಂದ ಎದುರು ನಿಂತವನ ಕೆನ್ನೆಯಿಂದ ಕಣ್ಣು ಕೀಳುವುದು ಚಂದ್ರಾಮನಿಗೆ ಸಾಧ್ಯವಾಗಿರಲಿಲ್ಲ. ಬಾಗಿಲ ಕಡೆಯಿಂದ ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬಿದ್ದು ಆ ಮನುಷ್ಯನ ಮುಖದ ಒಂದು ಮಗ್ಗುಲನ್ನು ಮಾತ್ರ ಹಿಡಿದಿತ್ತು. ಹರೆಯದಲ್ಲಿ ಎದ್ದು, ಕೀವಾಗಿ, ಒಣಗಿದ ಮೊಡವೆಗಳ ಕುಳಿಗಳು. ಒಂದೊಂದು ಕುಳಿಯೂ ತನ್ನ ಪಾಲಿನ ನೆರಳನ್ನು ತುಂಬಿಕೊಂಡು ಕೂತಿತ್ತು. ಲೋಕಲ್ ಅಂಧೇರಿಯ ಛಾವಣಿಯ ಕೆಳಗೆ ನುಗ್ಗಿದ ಕೂಡಲೇ ಬಿಸಿಲು ಕತ್ತರಿಸಿಹೋಗಿ, ಡಬ್ಬಿಯ ಟ್ಯೂಬ್‌ಲೈಟಿನ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಹರಡಿತು. ಕೆನ್ನೆ ನುಣ್ಣಗಾಯಿತು. ಹೊರಬಂದೊಡನೆ ಮತ್ತೆ ಕುಳಿ. ವಿಲೇಪಾರ್ಲೆಯಲ್ಲಿ ಮತ್ತೆ ನುಣುಪು. ಇದೇ ಮುಖ, ಇದೇ ಮನುಷ್ಯ. ಬೆಳಗ್ಗೆ ಅವನ ಹೆಂಡತಿ ಯಾವ ಮುಖ ನೋಡಿ ಊಟದ ಡಬ್ಬಿ ಕೊಟ್ಟಿರಬೇಕು ಎಂದು ಚಂದ್ರಾಮ ಯೋಚಿಸುತ್ತಿದ್ದಾಗ ಆ ಕಣ್ಣುಗಳು ಅವನತ್ತ ತಿರುಗಿದವು.

"ಕ್ಯಾ ದೇಖ್ ರಹಾ ಹೈ ಭಾಯ್? ಪೆಹಚಾನ್ ಹೈ ಕ್ಯಾ?"

"ಸಾರಿ, ಸಾರಿ," ಎಂದ ಚಂದ್ರಾಮ. ಪಕ್ಕದ ಯಾರೋ ಮೂಗಿನಲ್ಲಿ ನಕ್ಕರು. ಅವನು ಎದೆಯ ಮೇಲೆ ತಿರುಗಿಸಿ ಹಾಕಿಕೊಂಡಿದ್ದ ಕ್ಯಾಮೆರಾ ಚೀಲವನ್ನು ಇನ್ನಷ್ಟು ತಬ್ಬಿಕೊಂಡು ತಲೆ ತಗ್ಗಿಸಿದ. ನಲವತ್ತು ದಾಟಿದ ಗಂಡಸು ಲೋಕಲ್ಲಿನಲ್ಲಿ ಬೇರೆಯವರ ಮುಖ ದಿಟ್ಟಿಸಿ ಬೈಸಿಕೊಳ್ಳುವುದು. ಇದನ್ನು ಸಂಜೆ ಹೆಂಡತಿ ಅನುರಾಧಾಳಿಗೆ ಹೇಳಿದರೆ ಅವಳು ನಗುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ, ಆಮೇಲೆ "ನೀವು ಆ ಕೆಲಸ ಬಿಡ್ರಿ" ಅನ್ನುತ್ತಾಳೆ. ಬಿಟ್ಟು ಎಲ್ಲಿಗೆ ಹೋಗುವುದು ಅನ್ನುವುದನ್ನು ಅವಳೂ ಹೇಳುವುದಿಲ್ಲ, ಇವನೂ ಕೇಳುವುದಿಲ್ಲ. ಆದ್ದರಿಂದ ಹೇಳಬಾರದು. ಹೇಳಬಾರದ ಸಂಗತಿಗಳು ಈಚೆಗೆ ಬಹಳವಾಗಿದ್ದವು. ನಿನ್ನೆ ಮಧ್ಯಾಹ್ನ ಅವನು ಫೋಟೋ ತೆಗೆಯುವ ಚರ್ಮದ ಕ್ಲಿನಿಕ್ಕಿನ ರಿಸೆಪ್ಶನ್ ಹುಡುಗಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತ, "ಕಲ್ ತುಮ್ಹಾರೀ ಕೌಸರಬಾಯಿ ಆ ರಹೀ ಹೈ, ಲಾಸ್ಟ್ ಫೋಟೋ. ಬೇಟೀ ಕೋ ಭೀ ಲಾ ರಹೀ ಹೈ," ಎಂದಿದ್ದಳು. ತುಮ್ಹಾರೀ ಎಂದದ್ದು ನಿನ್ನ ಕಡೆಯ ಪೇಶೆಂಟು, ಕನ್ನಡದವಳು ಎಂಬ ಅರ್ಥದಲ್ಲಿ; ಕೊನೆಯ ಫೋಟೋಗೆ ಅವಳು ಮಗಳನ್ನೂ ಕರೆತರುವವಳಿದ್ದಳು. ಅದನ್ನೂ ಅವನು ಮನೆಯಲ್ಲಿ ಹೇಳಿರಲಿಲ್ಲ.

ದಾದರಿನಲ್ಲಿ ಇಳಿದು ಸೇತುವೆ ಹತ್ತಿ, ಹೂವಿನ ವಾಸನೆ ಮತ್ತು ಬೆವರಿನ ವಾಸನೆ ಕಲಸಿದ ಜನರ ನಡುವೆ ತೆವಳಿ, ಸೆಂಟ್ರಲ್ ಲೈನಿನ ಗಾಡಿ ಹಿಡಿದ. ಮಾಟುಂಗ ಬಂದಾಗ ಅವನು ಬೇಕೆಂದೇ ಇನ್ನೊಂದು ಕಡೆ ತಿರುಗಿ ನಿಂತ. ಒಂದು ಕಾಲಕ್ಕೆ ಈ ಸ್ಟೇಷನ್ ಬಂದರೆ ಮೈಗೆ ಹುರುಪು ಬರುತ್ತಿತ್ತು. ಹಗಲೆಲ್ಲ ಫೋಟೋ ಲ್ಯಾಬಿನಲ್ಲಿ ತಟ್ಟೆ ತೊಳೆದು, ಬೆರಳಿಗೆ ಹತ್ತಿದ ರಸಾಯನದ ನಾತ ಹೋಗಲೆಂದು ನಿಂಬೆಸಿಪ್ಪೆ ತಿಕ್ಕಿಕೊಂಡು, ಸಂಜೆಯ ಕ್ಲಾಸಿಗೆ ಅವನು ಇಲ್ಲಿಯೇ ಇಳಿಯುತ್ತಿದ್ದದ್ದು. ಮೊದಲು ಹತ್ತನೆಯ ಇಯತ್ತೆಯ ಕ್ಲಾಸು, ಆಮೇಲೆ ಫೋಟೋಗ್ರಫಿಯದು. ಸುಕೇಶ್ ಸರ್ ಎಂಬ ಮಂಗಳೂರಿನ ಕಡೆಯವರು ಕಲಿಸುತ್ತಿದ್ದರು. ಅರ್ಧ ಕ್ಲಾಸು ದುಡಿದು ಬಂದು ತೂಕಡಿಸುತ್ತಿದ್ದರೆ ಅವರು ಮೇಜು ಬಡಿದು, "ನೆರಳು ಎಲ್ಲಿ ಬೀಳ್ತದೆ ನೋಡಿ ಮಾರಾಯ್ರೆ, ಬಟನ್ ಆಮೇಲೆ ಒತ್ತಿ," ಅನ್ನುತ್ತಿದ್ದರು. ಚಂದ್ರಾಮ ತೂಕಡಿಸುತ್ತಿರಲಿಲ್ಲ. ತೂಕಡಿಸಿದರೆ ತನ್ನನ್ನು ಯಾರೋ ಎಬ್ಬಿಸಿ, ನೀನು ಇಲ್ಲಿ ಕೂಡುವವನಲ್ಲ, ಏಳು ಅನ್ನುತ್ತಾರೆ ಎಂಬ ಭಯ ಅವನಿಗೆ. ಆ ಭಯ ಈಗಲೂ ಹೋಗಿಲ್ಲ; ಕ್ಲಿನಿಕ್ಕಿನ ಎ.ಸಿ. ಕೋಣೆಯಲ್ಲಿ ಕುರ್ಚಿಯ ತುದಿಯಲ್ಲೇ ಕೂಡುತ್ತಾನೆ.

ಅದೇ ಭಯದಿಂದಲೇ ಇರಬೇಕು ಅವನು ಅಷ್ಟೊಂದು ವಿವರಿಸಿದ್ದು. ಡಾಕ್ಟರು ಚರ್ಮದ ಫೋಟೋಗೆಂದು ಹತ್ತಿರದಿಂದ ತೆಗೆಯುವ ಲೆನ್ಸು ಕೊಂಡು ತಂದ ಮೇಲೆ, "ಚಂದ್ರಾಮ, ಫ್ಲ್ಯಾಶ್ ಕೌನ್ಸಾ ಲೇನೇಕಾ, ತೂ ಬತಾ. ಎಕ್ಸ್‌ಪರ್ಟ್ ತೋ ತೂ ಹೈ," ಎಂದಿದ್ದರು. ಯಾವ ಫ್ಲ್ಯಾಶ್ ಕೊಳ್ಳುವುದು ಎಂದು ಅವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಯಾವುದನ್ನು ಕೊಳ್ಳುವುದು ಎಂದೇ ಯಾರೂ ಕೇಳಿರಲಿಲ್ಲ. ಅವನು ರಜೆಯ ದಿನಗಳನ್ನೆಲ್ಲ ಅದಕ್ಕೇ ಇಟ್ಟ. ಒಂದು ನಮೂನೆಯದು ಲೆನ್ಸಿನ ಮೂತಿಗೆ ಬಳೆಯಂತೆ ಸುತ್ತಿಕೊಳ್ಳುವ ರಿಂಗ್ ಫ್ಲ್ಯಾಶ್: ಬೆಳಕು ಸುತ್ತಲಿಂದಲೂ ನೇರವಾಗಿ ಬೀಳುತ್ತದೆ, ನೆರಳೇ ಇರುವುದಿಲ್ಲ, ಬಣ್ಣ ಸರಿಯಾಗಿ ಕಾಣುತ್ತದೆ, ಏರುತಗ್ಗು ಕಾಣುವುದಿಲ್ಲ. ಇನ್ನೊಂದು, ಲೆನ್ಸಿನ ಎಡಬಲಕ್ಕೆ ಎರಡು ಚಿಕ್ಕ ದೀಪಗಳನ್ನು ಕೈಚಾಚಿ ಹಿಡಿಯುವಂಥದ್ದು: ಎರಡನ್ನೂ ಹೊತ್ತಿಸಿ ಮುಂದೆ ಬೆಣ್ಣೆಕಾಗದ ಕಟ್ಟಿದರೆ ಮೆತ್ತಗಿನ ಬೆಳಕು, ಕಣ್ಣು ಕಂಡಂತೆ ಕಾಣುವ ಚರ್ಮ, ಒಂದನ್ನು ಆರಿಸಿ ಕಾಗದ ಕಿತ್ತರೆ ಅಡ್ಡಬೆಳಕು, ಇದ್ದದ್ದಕ್ಕಿಂತ ಆಳವಾಗಿ ಕಾಣುವ ಪ್ರತಿಯೊಂದು ಕುಳಿ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ತಾನು ತಡವರಿಸುತ್ತೇನೆಂದು ಗೊತ್ತಿದ್ದ ಅವನು ಒಂದು ಬೆಳಗ್ಗೆ ಮಾಟುಂಗದಲ್ಲಿ ಇಳಿದು ಉಡುಪಿ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಹೋದ. ಬಾಡಿಗೆಗೆ ತಂದ ಎರಡೂ ಫ್ಲ್ಯಾಶುಗಳಿಂದ ಅದೇ ಇಡ್ಲಿಯ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿದ. ರಿಂಗಿನಲ್ಲಿ ಇಡ್ಲಿ ಮಗುವಿನ ಕೆನ್ನೆಯಂತಿತ್ತು. ಅಡ್ಡಬೆಳಕಿನಲ್ಲಿ ಅದರ ಮೈತುಂಬ ಗುಂಡಿ, ತಗ್ಗು, ಯಾರೋ ಮೊಳೆಯಿಂದ ಚುಚ್ಚಿದ ಹಾಗೆ.

ಡಾಕ್ಟರು ಬಹಳ ಹೊತ್ತು ನೋಡಿ ಗಟ್ಟಿಯಾಗಿ ನಕ್ಕಿದ್ದರು. "ಅರೇ ವಾಹ್! ಯೇ ಬಿಫೋರ್, ಯೇ ಆಫ್ಟರ್! ಇಡ್ಲಿ ಕಾ ಟ್ರೀಟ್‌ಮೆಂಟ್ ಹೋ ಗಯಾ!"

ಚಂದ್ರಾಮನೂ ನಕ್ಕಿದ್ದ. ಅದೇ ಈಗ ಅವನನ್ನು ಕೊರೆಯುವುದು. ಅವನು ಎಷ್ಟು ಖುಷಿಯಿಂದ ನಕ್ಕಿದ್ದನೆಂದರೆ ಕಣ್ಣಲ್ಲಿ ನೀರು ಬಂದಿತ್ತು. ದೊಡ್ಡ ಮನುಷ್ಯರೊಬ್ಬರ ಜೊತೆ ಸರಿಸಮ ನಿಂತು ನಕ್ಕ ನಗೆ. ಎರಡು ಫ್ಲ್ಯಾಶುಗಳೂ ಬಂದವು. ಮೊದಲು ಕೆಲ ದಿನ ಅವನು ಪುಸ್ತಕದಲ್ಲಿ ಓದಿದಂತೆ ಚಿಕಿತ್ಸೆಯ ಮೊದಲೂ ಆಮೇಲೂ ಅದೇ ದೂರ, ಅದೇ ಬೆಳಕು ಇಟ್ಟು ತೆಗೆದ. ಒಂದು ದಿನ ಡಾಕ್ಟರು ಬಾಗಿಲಲ್ಲಿ ನಿಂತು ಚಪಾತಿ ಸುರುಳಿ ತಿನ್ನುತ್ತಲೇ, "ಆಫ್ಟರ್ ಕೆ ಲಿಯೇ ವೋ ಇಡ್ಲಿವಾಲಾ ಲಗಾವ್ ನಾ," ಎಂದರು. ಆದೇಶದಂತೆ ಅಲ್ಲ, ನಡುವಿನ ತಮಾಷೆಯೊಂದನ್ನು ನೆನಪಿಸಿದಂತೆ. ಅವನು ರಿಂಗ್ ಹಚ್ಚಿದ. ಕೆಲ ದಿನಗಳ ಮೇಲೆ, "ಬಿಫೋರ್ ಮೇಂ ಏಕ್ ಬತ್ತೀ ಬಂದ್ ಕರ್, ಕಾಗಜ್ ನಿಕಾಲ್," ಎಂದರು. ಅವನು ಒಂದು ದೀಪ ಆರಿಸಿದ, ಕಾಗದ ಕಿತ್ತ. ಈಗ ರಿಸೆಪ್ಶನ್ ಹುಡುಗಿಯೂ ರಿಂಗಿಗೆ ಇಡ್ಲಿವಾಲಾ ಅನ್ನುತ್ತಾಳೆ. ಡಾಕ್ಟರು ಕೆಟ್ಟವರಲ್ಲ. ಅನುರಾಧಾಳಿಗೆ ಕಾಮಾಲೆಯಾದಾಗ ರಜೆ ಕೊಟ್ಟು, ದಿನಾ ಫೋನು ಮಾಡಿ ವಿಚಾರಿಸಿದವರು. ಒಮ್ಮೆ ಅವನ ಮುಖ ನೋಡಿ ತಾವಾಗಿಯೇ ಹೇಳಿದ್ದರು: ಕೆಲವರಿಗೆ ನಿಜವಾಗಿಯೂ ಗುಣ ಆಗತದೆ ಚಂದ್ರಾಮ, ಕೆಲವರಿಗೆ ಆಗೋದಿಲ್ಲ, ಯಾರಿಗೆ ಅಂತ ನನಗೂ ಗೊತ್ತಿಲ್ಲ, ಪೇಶೆಂಟು ಖುಷಿಯಿಂದ ಮನೆಗೆ ಹೋಗಲಿ, ಅಷ್ಟೇ. ಹಿಂದಿಯಲ್ಲಿ ಅದು ಇನ್ನೂ ದಣಿದ ಮಾತಾಗಿ ಕೇಳಿತ್ತು. ಆಗ ಅವನಿಗೆ ಡಾಕ್ಟರ ಬಗ್ಗೆ ಪಾಪ ಅನ್ನಿಸಿತ್ತು, ಆಮೇಲೆ ಪಾಪ ಅಂದುಕೊಂಡ ತನ್ನ ಬಗ್ಗೆ ಅನುಮಾನ ಬಂದಿತ್ತು.

ಸಯನ್ ಸ್ಟೇಷನ್ನಿನಿಂದ ಹೊರಬಿದ್ದು ಮಿಠಾಯಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಾಗ ಎಂದಿನಂತೆ ತುಪ್ಪದ ವಾಸನೆ ಮೂರನೆಯ ಮಹಡಿಯವರೆಗೂ ಜೊತೆಗೆ ಬಂತು. ಕೌಸರ ಆಗಲೇ ಬಂದು ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕಾಲೇಜಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ ಹುಡುಗಿ. ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಕಪ್ಪು ಮಾಸ್ಕು. ಮಾಸ್ಕಿನ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಹುಡುಗಿಯ ತಲೆಯ ಮೇಲಿನ ಗೋಡೆಯಲ್ಲಿ ಚಂದ್ರಾಮ ತೆಗೆದ ಕೆನ್ನೆಗಳ ಜೋಡಿ ಫೋಟೋಗಳು ಸಾಲಾಗಿದ್ದವು. ಅವಳು ಅವನ್ನು ಒಂದೊಂದಾಗಿ ನೋಡುತ್ತಿದ್ದಳು, ದೇವರ ಪಟ ನೋಡುವ ಹಾಗೆ ಅಲ್ಲ, ರಿಜಲ್ಟಿನ ಪಟ್ಟಿಯಲ್ಲಿ ನಂಬರು ಹುಡುಕುವ ಹಾಗೆ.

ಒಳಗೆ ಹೋಗಿ ಕ್ಯಾಮೆರಾ ಹೊರತೆಗೆಯುವಷ್ಟರಲ್ಲಿ ಕೌಸರ ಬಂದು ಸ್ಟೂಲಿನ ಮೇಲೆ ಕೂತಳು. ಅವಳು ಸಿಂದಗಿಯ ಕಡೆಯವಳು; ಗಂಡ ಇಲ್ಲಿ ಫರ್ನಿಚರ್ ಪಾಲಿಶಿನ ಕೆಲಸ, ಅವಳು ಜೋಗೇಶ್ವರಿಯ ಒಂದು ಗಾಳಾದಲ್ಲಿ, ಹೊಲಿಗೆಯ ಶೆಡ್ಡಿನಲ್ಲಿ, ಅಂಗಿಗೆ ಗುಂಡಿ ಹಚ್ಚುತ್ತಾಳೆ. ಮೊದಲ ದಿನ ಅವನ ಹೆಸರು ಕೇಳಿದವಳೇ, "ಚಂದ್ರಾಮ? ನಮ್ಮ ಕಡಿಯವ ಅದೀ ಬಿಡು," ಎಂದು ಇಂಡಿ ತಾಲೂಕಿನಲ್ಲಿ ತನಗೆ ಗೊತ್ತಿದ್ದ ಜನರ ಹೆಸರೆಲ್ಲ ಹೇಳಿದ್ದಳು. ಅವನಿಗೆ ಯಾರೂ ಗೊತ್ತಿರಲಿಲ್ಲ, ಆದರೂ ಕೆಲವರು ಗೊತ್ತು ಎಂದಿದ್ದ. ಆ ದಿನವೇ ಅವಳು ಹೇಳಿದ್ದು, ತನಗೇನೂ ಈ ವಯಸ್ಸಿನಲ್ಲಿ ಚಂದ ಆಗುವುದು ಬೇಕಾಗಿಲ್ಲ ಎಂದು. ಮಗಳಿಗೂ ತನ್ನ ಹಾಗೆಯೇ ಕೆನ್ನೆಯೆಲ್ಲ ಕುಳಿ ಬಿದ್ದಿವೆ, ಅವಳು ಇಲ್ಲಿಯ ಬೋರ್ಡು ನೋಡಿ ಹಟ ಹಿಡಿದಿದ್ದಾಳೆ. "ಬೆಂಕಿ ಹಚ್ಚಿ ಸುಡತಾರಂತ ಚರ್ಮ. ಎಳೀ ಮಾರಿ ಆಕಿದು. ಮೊದಲ ನನ್ನ ಮಾರಿ ಮ್ಯಾಲ ನೋಡೂಣು, ಹೋದ್ರ ಆಕೀದೂ ಮಾಡಸೂಣು," ಎಂದು ಅವಳು ನಕ್ಕಾಗ ಚಂದ್ರಾಮನ ಕೈಯಲ್ಲಿದ್ದ ಬೆಣ್ಣೆಕಾಗದ ಕಿತ್ತಾಗಿತ್ತು, ಒಂದು ದೀಪ ಆರಿಸಿಯಾಗಿತ್ತು.

"ಆರಾಮ ಅದೀಯೇನು ಅಣ್ಣಾ?"

"ಅದೀನ್ರಿ. ನೀವು?"

"ನಂದೇನು. ನಜ್ಮಾನ್ನ ಕರ್ಕೊಂಡ ಬಂದೀನಿ ಇವತ್ತ. ಹೊರಗ ಕುಂತಾಳ, ನೋಡ್ದೆಲ್ಲ? ಹೋದ ಸಲ ನೀ ತಗದ ಫೋಟೋ ಮೊಬೈಲಿನ್ಯಾಗ ನೋಡೇ ನೋಡ್ಯಾಳ. ಅಮ್ಮೀ, ನಿಂದು ಹೋದ್ವು, ನಂದ ಯಾಕ ಹೋಗಂಗಿಲ್ಲ ಅಂತಾಳ." ಅವಳು ಕೆನ್ನೆಯ ಮೇಲೆ ಬೆರಳಾಡಿಸಿಕೊಂಡಳು. "ನನಗ ಕೈಗೆ ಇನ್ನಾ ಹತ್ತಿದಾಂಗ ಆಗ್ತಾವ. ಆದರ ಸೂಜಿ ಹಿಡದು ಹಿಡದು ಬಳ್ಳೂ ಜಡ್ಡುಗಟ್ಯಾವ. ಏನ ಗೊತ್ತಾಗ್ತದ ಅವಕ್ಕ."

ಅವನು ಕಪಾಟಿನತ್ತ ತಿರುಗಿದ. ಮೇಲಿನ ಹಲಗೆಯಲ್ಲಿ ಎರಡೂ ಫ್ಲ್ಯಾಶುಗಳು ಪಕ್ಕಪಕ್ಕ ಕೂತಿದ್ದವು. ಇದು ದಿನವೂ ನೋಡುವ ನೋಟವಾದರೂ ಈಗ ಅವು ಯಾರೋ ಇಬ್ಬರು ಪರಿಚಿತರು ಕೂತು ಇವನು ಯಾರ ಕಡೆ ನಿಲ್ಲುತ್ತಾನೆಂದು ನೋಡುತ್ತಿರುವಂತೆ ಕಂಡವು. ರಿಂಗ್ ಹಚ್ಚಬೇಕು, ಆಫ್ಟರ್‌ಗೆ ಇಡ್ಲಿವಾಲಾ. ಹಚ್ಚಿದರೆ ಅವಳು ನೋಡುತ್ತಾಳೆ, ಮಗಳು ನೋಡುತ್ತಾಳೆ, ಒಳಗಿನ ಲೇಸರ್ ಯಂತ್ರ ಆ ಎಳೆಯ ಕೆನ್ನೆಯನ್ನು ಚುಕ್ಕಿ ಚುಕ್ಕಿಯಾಗಿ ಸುಡುತ್ತದೆ. ಬಾಯಿ ಬಿಟ್ಟು ಹೇಳಬಹುದು. ಆದರೆ ಏನೆಂದು? ನಾನು ತೆಗೆದದ್ದು ಸುಳ್ಳು ಎಂದೇ? ಬೆಳಕು ಸುಳ್ಳಲ್ಲ, ಕ್ಯಾಮೆರಾ ಸುಳ್ಳಲ್ಲ, ನಾನೊಂದು ಗೆರೆಯನ್ನೂ ತಿದ್ದಿಲ್ಲ ಎಂದು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಅದಕ್ಕಿಂತ ಫೋಟೋವೇ ಹೇಳಲಿ. ಫೋಟೋ ಹೇಳಿದರೆ ತಾನು ಹೇಳಿದಂತಾಗುವುದಿಲ್ಲ. ಅವನ ಕೈ ಎರಡು ದೀಪದ ಫ್ಲ್ಯಾಶನ್ನು ಎತ್ತಿಕೊಂಡಿತು. ಬೆಣ್ಣೆಕಾಗದ ಕಿತ್ತ. ಒಂದು ದೀಪ ಆರಿಸಿದ. ಮೊದಲ ದಿನ ಹೇಗೋ ಹಾಗೆಯೇ, ಅದೇ ಕೋನ, ಅದೇ ದೂರ. ಇಷ್ಟು ದಿನಗಳ ಮೇಲೆ ಒಮ್ಮೆ ನಿಯಮದ ಪ್ರಕಾರ ಕೆಲಸ ಮಾಡುತ್ತಿದ್ದೇನೆ ಎಂಬ ಯೋಚನೆಗೆ ಎದೆ ಸ್ವಲ್ಪ ಹಗುರಾಯಿತು. ಬಟನ್ ಒತ್ತಿದ.

ಗೋಡೆಯ ಪರದೆಯ ಮೇಲೆ ಎರಡೂ ಫೋಟೋ ಪಕ್ಕಪಕ್ಕ ಇಟ್ಟ. ಎಡಕ್ಕೆ ಮೊದಲ ದಿನದ ಕೆನ್ನೆ, ಬಲಕ್ಕೆ ಇವತ್ತಿನದು. ಅದೇ ಕುಳಿಗಳು ಅದೇ ಜಾಗದಲ್ಲಿ, ಒಂದೂ ಕದಲದೆ. ಸುಟ್ಟ ಗುರುತು ಒಂದೆರಡು ಹೆಚ್ಚಾಗಿದ್ದವು, ಅಷ್ಟೇ.

ಕೌಸರ ಮುಂದಕ್ಕೆ ಬಾಗಿ ನೋಡಿದಳು. ಪರದೆಯನ್ನೂ ಅವನನ್ನೂ ಬಾರಿಬಾರಿಗೆ ನೋಡಿದಳು. ಅವನು ಕಾಯುತ್ತಿದ್ದ; ಈಗ ತಿಳಿಯುತ್ತದೆ, ಈಗ ಕೇಳುತ್ತಾಳೆ.

"ಇದು ಚಲೋ ಬಂದಿಲ್ಲ ಅಣ್ಣಾ," ಎಂದಳು ಮೆಲ್ಲಗೆ, ಅವನಿಗೆ ನೋವಾಗಬಾರದೆಂಬಂತೆ. "ಹೋದ ಸಲ ಎಷ್ಟ ಚಂದ ತಗದಿದ್ದಿ. ಮನ್ಯಾಗ ಏನರ ತ್ರಾಸ ಅದ ಏನು?"

ಅವನು ಪರದೆಯತ್ತ ಕೈ ತೋರಿಸಿದ. "ಹಂಗಲ್ರಿ, ಬೆಳಕು..." ಎಂದ.

"ಆಗ್ತದ, ಆಗ್ತದ. ನನಗೂ ಒಂದೊಂದ ದಿನ ಗುಂಡಿ ಎಲ್ಲಾ ವಾರಿ ಕುಂದರ್ತಾವ. ಇನ್ನೊಂದ ತಗಿ. ಗಡಬಡಿ ಇಲ್ಲ ನನಗ."

ಅವಳು ಗದ್ದವನ್ನು ಮತ್ತೆ ಆಧಾರದ ಮೇಲಿಟ್ಟು, ಅವನಿಗೆ ಅನುಕೂಲವಾಗಲೆಂದು ಉಸಿರು ಹಿಡಿದಳು. ಚಂದ್ರಾಮ ಪರದೆಯತ್ತ ನೋಡಿದ. ತಾನು ಇಷ್ಟು ವರ್ಷ ಕಲಿತದ್ದು, ಸಂಜೆ ಕಣ್ಣಿಗೆ ನೀರು ಹಾಕಿಕೊಂಡು ಕಲಿತದ್ದು, ಈ ಒಂದು ನಿಜವನ್ನು ಗೋಡೆಗೆ ಮೂಡಿಸಿ ನಿಲ್ಲಿಸಿದೆ; ಅದರ ಎದುರು ಕೂತ ಹೆಂಗಸು ಅವನ ಮನೆಯ ತೊಂದರೆ ವಿಚಾರಿಸುತ್ತಿದ್ದಾಳೆ. ಮೊದಲ ದಿನದ ಆ ಎಡಗಡೆಯ ಫೋಟೋವಾದರೂ ಅವಳ ಮುಖವೇ? ಯಾವ ಗಂಡ, ಯಾವ ಮಗಳು, ಯಾವ ಕನ್ನಡಿ ಅವಳನ್ನು ಹಾಗೆ ನೋಡಿತ್ತು? ಅಷ್ಟು ಕೆಟ್ಟದಾಗಿ ಅವಳನ್ನು ನೋಡಿದವನು ಜಗತ್ತಿನಲ್ಲಿ ತಾನೊಬ್ಬನೇ. ಅದಕ್ಕೆ ಈಗ ನಿಯಮ ಎಂಬ ಹೆಸರು ಬೇರೆ.

ಬಾಗಿಲು ನೂಕಿಕೊಂಡು ಡಾಕ್ಟರು ಬಂದರು. ಒಂದು ಕೈಯಲ್ಲಿ ಚಹದ ಕಪ್ಪು. ಪರದೆ ನೋಡಿ ಹುಬ್ಬು ಗಂಟಿಕ್ಕಿದರು, ಆಮೇಲೆ ಪೇಶೆಂಟು ಕೂತಿದ್ದಾಳೆಂದು ಹುಬ್ಬು ಸಡಿಲಿಸಿದರು.

"ಯೇ ಕ್ಯಾ ಹೈ ಚಂದ್ರಾಮ? ಇಡ್ಲಿವಾಲಾ ಕಹಾಂ ಹೈ?"

"ಲಗಾತಾ ಹೂಂ ಸರ್."

ಎರಡು ದೀಪದ್ದನ್ನು ಬಿಚ್ಚಿದ. ರಿಂಗನ್ನು ಲೆನ್ಸಿನ ಮೂತಿಗೆ ಒತ್ತಿ ತಿರುಗಿಸಿದ. ಅದು ಕಿಟ್ಟೆಂದು ಕಚ್ಚಿಕೊಂಡಿತು. ಒತ್ತಿದ. ಪರದೆಯ ಮೇಲೆ ಬಲಗಡೆ ಹೊಸ ಕೆನ್ನೆ ಮೂಡಿತು: ನುಣ್ಣಗೆ, ಗೋಧಿ ಬಣ್ಣ, ಕಣ್ಣಿನ ಸುತ್ತ ಒಂದೆರಡು ಗೆರೆ. ಕೌಸರಳ ಮುಖ ಅರಳಿತು. "ಹಾಂ, ಇದು ನಂದು," ಎಂದಳು. ಡಾಕ್ಟರು ಚಹ ಗುಟುಕರಿಸಿ, "ದೇಖಾ?" ಎಂದರು ಅವಳಿಗೆ. ಅವರ ಮುಖದಲ್ಲೂ ನಿಜವಾದ ಸಂತೋಷವಿತ್ತು. ಅವರೂ ಆ ಚಿತ್ರವನ್ನು ನಂಬುತ್ತಾರೆಂದು ಚಂದ್ರಾಮನಿಗೆ ಆ ಕ್ಷಣ ಹೊಳೆಯಿತು. ಈ ಕೋಣೆಯಲ್ಲಿ ನಂಬದವನು ತಾನೊಬ್ಬನೇ. ನಂಬದವನ ಕೈಯಲ್ಲೇ ಕ್ಯಾಮೆರಾ.

ಅವನು ಲೆನ್ಸನ್ನು ಸುಮ್ಮನೆ ತಿರುವುತ್ತ, ಅದಕ್ಕೇ ಹೇಳುತ್ತಿರುವವನಂತೆ, ಎದುರಿಗೆ ನೋಡದೆ ಕನ್ನಡದಲ್ಲಿ ಹೇಳಿಬಿಟ್ಟ: "ಹುಡುಗಿಗಿ ಇದನ್ನ ಮಾಡಸಬ್ಯಾಡ್ರಿ. ಕುಳಿ ಎಲ್ಲೂ ಹೋಗಿಲ್ಲ. ಇದರ ಮೊದಲ ತಗದದ್ದಽ ಖರೆ. ಇದು ಬೆಳಕಿಂದ ಹಿಂಗ ಕಾಣತದ, ನಾನಽ ಮಾಡ್ತೀನಿ ಇದನ್ನ. ನಿಮ್ಮ ಬಳ್ಳ ಸುಳ್ಳ ಹೇಳಿಲ್ಲ."

"ಕ್ಯಾ ಬೋಲ್ ರಹಾ ಹೈ?" ಎಂದರು ಡಾಕ್ಟರು, ನಗುತ್ತಲೇ. ಅವರಿಗೆ ತಮ್ಮ ಎದುರು ತಮಗೆ ತಿಳಿಯದ ಭಾಷೆ ಆಡಿದರೆ ಸೇರುತ್ತಿರಲಿಲ್ಲ.

ಚಂದ್ರಾಮನಿಗೆ ಹಿಂದಿಯ ಒಂದು ಶಬ್ದವೂ ಸಿಗಲಿಲ್ಲ. ಕೌಸರ ಗದ್ದವನ್ನು ಆಧಾರದಿಂದ ತೆಗೆಯಲಿಲ್ಲ. ಇದ್ದಲ್ಲಿಂದಲೇ, ಅವನು ಅಲುಗಾಡಬೇಡ ಅಂದನೆಂಬಂತೆ ಹೇಳಿದಳು: "ಹಿಲನಾ ನಹೀ ಬೋಲ್ ರಹೇ, ಸಾಬ್."

"ಹಾಂ, ಹಿಲನಾ ಮತ್," ಎಂದರು ಡಾಕ್ಟರು. "ಹೋ ಗಯಾ ನಾ? ಅಬ್ ಬೇಟೀ ಕೋ ಬುಲಾವ್. ಚಂದ್ರಾಮ, ಬಿಫೋರ್ ಲೇ ಲೇ. ಸೈಡ್ ಲೈಟ್ ಸೇ." ಬಾಗಿಲನ್ನು ತೆರೆದೇ ಬಿಟ್ಟು ಹೋದರು. ಅವರ ಕೋಣೆ ಎರಡು ಹೆಜ್ಜೆಯಾಚೆ. ಯಾರೊಂದಿಗೋ ಫೋನಿನಲ್ಲಿ ಮಾತು ಶುರುವಾಯಿತು.

ಕೌಸರ ಎದ್ದು ನಿಂತಳು. ಅವಳು ಕೈ ಮುಗಿಯುತ್ತಾಳೆಂದಲ್ಲ, ಆದರೂ ಏನೋ ಒಂದು ಮೃದುವಾದದ್ದನ್ನು ಅವನು ನಿರೀಕ್ಷಿಸಿದ್ದ. ಅವಳ ಕಣ್ಣು ನೋಡಿದ ಮೇಲೆಯೇ ಹಾಗೆ ನಿರೀಕ್ಷಿಸಿದ್ದೆನೆಂದು ಅವನಿಗೆ ತಿಳಿದು ನಾಚಿಕೆಯಾದದ್ದು.

"ಹೋದ ಸಲ ಯಾಕ ಹೇಳಲಿಲ್ಲ?" ದನಿ ಪಿಸುಮಾತಿನದು, ಆದರೆ ಅಂಚು ಇತ್ತು. "ಅದರ ಹಿಂದಿನ ಸಲ? ಮಾರಿ ಹ್ಯಾಂಗ ಉರೀತಿತ್ತು ಗೊತ್ತದ ಏನು? ರೊಟ್ಟಿ ಮಾಡಾಕ ಗ್ಯಾಸಿನ ಮುಂದ ನಿಂದ್ರಾಕ ಆಗ್ತಿರಲಿಲ್ಲ. ಗಾಳಾದಾಗ ಎಲ್ಲಾರೂ ಕೇಳತಿದ್ರು, ಗಂಡ ಹೊಡದಾನೇನು ಅಂತ. ನಮ್ಮ ಕಡಿಯವ ಅಂತ ನಾ ನಿನ್ನ ಮಾರಿ ನೋಡಿ ಬರತಿದ್ದೆ."

ಅವನಿಗೆ ಡಾಕ್ಟರ ಹೆಸರು ನಾಲಗೆಯ ತುದಿಗೆ ಬಂತು, ಅನುರಾಧಾಳ ಹೆಸರೂ ಬಂತು, ಎರಡನ್ನೂ ನುಂಗಿಕೊಂಡ. "ತಪ್ಪಾತ್ರಿ," ಎಂದ. ಅದು ಲೋಕಲ್ಲಿನಲ್ಲಿ ಹೇಳಿದ ಸಾರಿಗಿಂತ ದೊಡ್ಡದಾಗಿಯೇನೂ ಕೇಳಿಸಲಿಲ್ಲ.

ಅವಳು ದುಪಟ್ಟಾದ ಅಂಚಿನಿಂದ ಕೆನ್ನೆ ಒತ್ತಿಕೊಂಡಳು. "ನನಗ ಹೇಳಿ ಏನ ಉಪಯೋಗ ಈಗ? ನಾ ಬ್ಯಾಡ ಅಂದ್ರ ಆಕಿ ಕೇಳ್ತಾಳೇನು? ಅಮ್ಮೀ, ನೀ ಚಂದ ಆದಿ, ನನಗ ಬ್ಯಾಡ ಅಂತೀ ಅಂತಾಳ. ಬಾಯಿ ಬಾಯಿಗೆ ಬರತಾಳ. ಮನ್ಯಾಗ ಊಟಾ ಮಾಡೂ ಮುಂದನೂ ಮಾಸ್ಕ ಅರ್ಧಾ ಕೆಳಗ ಜಗ್ಗತಾಳ, ಬಾಯಿ ಅಷ್ಟಽ ಕಾಣೂಹಂಗ. ಅಪ್ಪನ ಮುಂದನೂ. ನೀನಽ ಹಚ್ಚೀದಿ ಈ ಹುಚ್ಚ, ನೀನಽ ಬಿಡಸು." ಬಾಗಿಲಿಗೆ ಹೋಗಿ ದನಿ ಬದಲಿಸಿ ಕರೆದಳು: "ನಜ್ಮಾ, ಆ ಗೇ ಇಧರ್."

ಹುಡುಗಿ ಬಂದಳು. ಬಂದವಳೇ ಪರದೆಯ ಮೇಲಿದ್ದ ತಾಯಿಯ ಹೊಸ ಫೋಟೋ ನೋಡಿ ನಿಂತುಬಿಟ್ಟಳು. ಮಾಸ್ಕಿನ ಮೇಲಿನ ಕಣ್ಣುಗಳು ನಕ್ಕವು. "ಹಾಯ್ ಅಂಕಲ್. ಅಮ್ಮೀ ಹೇಳ್ತಾರೆ ನೀವು... ನಮ್ಮ ಗಾಂವ್ ಸೈಡಿನವರು. ನನಗೆ ಕನ್ನಡ ಥೋಡಾ ಥೋಡಾ ಬರ್ತದೆ." ಸ್ಟೂಲಿನ ಮೇಲೆ ಕೂತು, ಒಂದು ಕ್ಷಣ ತಡೆದು, ಬಾಗಿಲು ತೆರೆದಿದೆಯೆಂದು ಆ ಕಡೆಗೆ ಬೆನ್ನು ಮಾಡಿ ಮಾಸ್ಕು ತೆಗೆದಳು. ಹದಿನೇಳಿರಬಹುದು. ಕುಳಿಗಳಿದ್ದವು, ಹೌದು. ತಾಯಿಯದೇ ಗದ್ದ, ತಾಯಿಯದೇ ಕೆನ್ನೆಯೆಲುಬು. ಮಾಸ್ಕಿನ ಎಳೆ ಒತ್ತಿ ಒತ್ತಿ ಕಿವಿಯ ಹಿಂದೆ ಕೆಂಪು ಬರೆ ಬಿದ್ದಿತ್ತು.

ಚಂದ್ರಾಮ ಬಾಯಿ ತೆರೆದ. ಅವಳಿಗೆ ತಿಳಿಯುವಂತೆ ಹೇಳಬೇಕಾದರೆ ಹಿಂದಿಯಲ್ಲಿ ಹೇಳಬೇಕು. ಹಿಂದಿಯಲ್ಲಿ ಹೇಳಿದರೆ ಎರಡು ಹೆಜ್ಜೆಯಾಚೆ ಕೇಳಿಸುತ್ತದೆ. ಕನ್ನಡದಲ್ಲಿ ಹೇಳಿದರೆ ಥೋಡಾ ಥೋಡಾ. ಸ್ವಲ್ಪ ಮೊದಲು ತಾನು ತೋರಿದ್ದು ಧೈರ್ಯ ಎಂದುಕೊಂಡಿದ್ದು ಎಂಥ ಕನಿಷ್ಠದ್ದು ಎಂದು ಅವನಿಗೆ ಹೊಳೆಯಿತು; ಭಾಷೆಯ ಹಿಂದೆ ಅಡಗಿ ಕೂತು ಆಡಿದ ಮಾತು. ಕೌಸರ ಗೋಡೆಗೆ ಒರಗಿ ಅವನನ್ನೇ ನೋಡುತ್ತಿದ್ದಳು. ಅವಳು ಸಹಾಯಕ್ಕೆ ಬರುವಂತೆ ಕಾಣಲಿಲ್ಲ.

ಸೈಡ್ ಲೈಟು. ರಿಂಗ್ ಬಿಚ್ಚಬೇಕು, ಇನ್ನೊಂದನ್ನು ಹಚ್ಚಬೇಕು, ಒಂದು ದೀಪ ಆರಿಸಬೇಕು. ಪರದೆಯ ಮೇಲೆ ಇವಳ ಕೆನ್ನೆ ಯಾವ ಕನ್ನಡಿಯೂ ತೋರಿಸದಷ್ಟು ಕೆಟ್ಟು ಮೂಡುತ್ತದೆ, ಇವಳು ಅದನ್ನೂ ತಾಯಿಯ ನುಣುಪಾದ ಕೆನ್ನೆಯನ್ನೂ ನೋಡಿ ಇವತ್ತೇ ಶುರುಮಾಡಿ ಅನ್ನುತ್ತಾಳೆ. ಅವನ ಹೆಬ್ಬೆರಳು ರಿಂಗಿನ ಕೊಂಡಿಯ ಮೇಲಿತ್ತು. ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಜೀವನದಲ್ಲಿ ಹೇಳಿದ ಕೆಲಸ ಹೇಳಿದಂತೆ ಮಾಡದೆ ಬಿಟ್ಟದ್ದು ಅವನಿಗೆ ನೆನಪಿಲ್ಲ. ಬೈಸಿಕೊಳ್ಳುವ ಭಯಕ್ಕಿಂತ ಹೆಚ್ಚಾಗಿ, ಬಿಟ್ಟರೆ ತಾನು ಯಾರೆಂಬುದೇ ತಿಳಿಯದ ಹಾಗಾಗುತ್ತದೆಂಬ ಭಯ. ಹೆಬ್ಬೆರಳನ್ನು ಕೊಂಡಿಯಿಂದ ಎತ್ತಿದ. ಕ್ಯಾಮೆರಾ ಕಣ್ಣಿಗೆ ಹಿಡಿದ. ರಿಂಗ್ ಹಾಗೆಯೇ ಇತ್ತು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಏಟು ಬೀಳುವುದಕ್ಕೆ ಕಾಯುವ ಹಾಗೆ. ಒತ್ತಿದ.

ತಾಯಿಯ ಚಿತ್ರದ ಪಕ್ಕದಲ್ಲಿ ಮಗಳ ಚಿತ್ರ ಬಂತು.

ನಜ್ಮಾ ಒಂದು ಕಣ್ಣು ತೆರೆದಳು, ಆಮೇಲೆ ಎರಡೂ. ಎದ್ದು ಪರದೆಯ ಹತ್ತಿರ ಹೋದಳು. ಮೊಬೈಲಿನಲ್ಲಿ ಮಾಡುವಂತೆ ಎರಡು ಬೆರಳಿಟ್ಟು ಹಿಗ್ಗಿಸಲು ನೋಡಿದಳು. ಅದು ಹಿಗ್ಗುವ ಪರದೆಯಲ್ಲ. ಚಂದ್ರಾಮ ಕೀ ಒತ್ತಿ ದೊಡ್ಡದು ಮಾಡಿಕೊಟ್ಟ. ಅವಳು ತನಗೆ ಬಾಯಿಪಾಠವಾಗಿದ್ದ ಜಾಗಗಳಲ್ಲೆಲ್ಲ ಹುಡುಕಿದಳು: ಮೂಗಿನ ಬದಿ, ಕೆನ್ನೆಯ ನಡು, ಕಿವಿಯ ಮುಂದೆ.

"ಫಿಲ್ಟರ್ ಲಗಾಯಾ?"

"ನಹೀ."

"ಕುಛ್ ತೋ ಕಿಯಾ ಹೋಗಾ, ಅಂಕಲ್."

"ಕುಛ್ ನಹೀ ಕಿಯಾ. ಅಮ್ಮೀ ಕಾ ಜೈಸೇ ಲಿಯಾ, ತುಮ್ಹಾರಾ ಭೀ ವೈಸೇ ಲಿಯಾ." ತಾಯಿಯದು ಹೇಗೋ ಹಾಗೆ. ಅವನ ದನಿ ಪಿಸುಮಾತಿನದಾಗಿರಲಿಲ್ಲ.

ಅವಳು ತಾಯಿಯ ಚಿತ್ರ ನೋಡಿದಳು. ತನ್ನದು ನೋಡಿದಳು. ತಿರುಗಿ, ಗೋಡೆಗೆ ಒರಗಿದ್ದ ತಾಯಿಯ ಮುಖವನ್ನು, ಕಿಟಕಿಯ ಕಡೆಯಿಂದ ಬರುತ್ತಿದ್ದ ಹಗಲಿನಲ್ಲಿ ಇದ್ದ ಹಾಗೆಯೇ ಇದ್ದ ಆ ಮುಖವನ್ನು, ಬಹಳ ದಿನಗಳ ಮೇಲೆ ನೋಡುವಂತೆ ನೋಡಿದಳು. ಕೈಯೆತ್ತಿ ಅದರ ಕೆನ್ನೆಯ ಮೇಲೆ ತನ್ನ ಎಳೆಯ ಬೆರಳಿಟ್ಟಳು. ಕೌಸರ ಮುಖ ಸರಿಸಲಿಲ್ಲ.

"ಅಮ್ಮೀ, ತೇರಾ ತೋ ಟ್ರೀಟ್‌ಮೆಂಟ್ ಹುವಾ ಹೈ," ಎಂದಳು ನಿಧಾನವಾಗಿ, ಚಿಕಿತ್ಸೆಯಾದದ್ದನ್ನೂ ಆಗದ್ದನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಬಿಡಿಸುವವಳಂತೆ. "ಮೇರಾ ತೋ ಅಭೀ ಹುವಾಚ್ ನಹೀ. ಫಿರ್ ದೋನೋಂ ಸೇಮ್ ಕೈಸೇ?"

ಪಕ್ಕದ ಕೋಣೆಯಿಂದ ಫೋನಿನ ಮಾತಿನ ನಡುವೆಯೇ ಡಾಕ್ಟರ ದನಿ ಬಂತು: "ಚಂದ್ರಾಮ! ಹೋ ಗಯಾ? ಸೈಡ್ ಲೈಟ್ ಸೇ ಲಿಯಾ ನಾ?"

ಕೌಸರ ಅವನನ್ನು ನೋಡಿದಳು. ಈ ಸಲವೂ ಅವಳು ಏನಾದರೂ ಹೇಳಿ ಮುಚ್ಚಬಹುದಿತ್ತು. ಅವಳ ತುಟಿ ಅಲ್ಲಾಡಿತು ಕೂಡ. ಅದಕ್ಕೆ ಮೊದಲೇ ಚಂದ್ರಾಮ ಬಾಗಿಲ ಕಡೆ ತಿರುಗಿದ.

"ನಹೀ ಸರ್," ಎಂದ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ. "ದೋನೋಂ ಕಾ ರಿಂಗ್ ಸೇ ಲಿಯಾ. ಮಾಂ ಕಾ ಭೀ, ಬೇಟೀ ಕಾ ಭೀ."

ಆಚೆ ಫೋನಿನ ಮಾತು ನಿಂತಿತು.